ಮಳೆಗಾಲದ ಒಲೆ

ಅಡಿಗೆಗೆ ಅನಿಲ ಬಂದ ಮೇಲೂ ಬೆಳಗಾವಿಯ ಎಷ್ಟೋ ಬಚ್ಚಲುಗಳಲ್ಲಿ ಹಂಡೆಯ ಒಲೆ ಉಳಿದಿದೆ. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಅಡಿಗೆಯೂ ಸೌದೆಯಿಂದಲೇ ನಡೆಯುವುದುಂಟು. ಘಟ್ಟದ ಮಳೆ ಹಿಡಿದರೆ ಸೌದೆ ನೀರು ಕುಡಿಯುತ್ತದೆ. ಅದನ್ನು ಉರಿಸುವಾಗ ಶಾಖವು ಮೊದಲು ಆ ನೀರನ್ನು ಆವಿಮಾಡುವುದರಲ್ಲಿ ವ್ಯಯವಾಗಿ, ಉರಿ ಕುಗ್ಗಿ, ಹೊಗೆ ಹೆಚ್ಚುತ್ತದೆ. ಹೊಗೆಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ. ಆ ಮಸಿಯೇ ಒಂದು ದಿನ ಹೊತ್ತಿಕೊಳ್ಳಬಹುದು. ಆದುದರಿಂದ ಬೇಸಿಗೆಯಲ್ಲಿಯೇ ಸೌದೆಯನ್ನು ಸೀಳಿ ಒಣಗಿಸಿ, ಒಲೆಯಿಂದ ದೂರದಲ್ಲಿ, ಮಾಡಿನ ಕೆಳಗೆ ಒಟ್ಟತಕ್ಕದ್ದು; ಕೊಳವೆಯ ಮಸಿಯನ್ನೂ ಆಗಲೇ ತೆಗೆಯತಕ್ಕದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು ೧೯೮೦ರ ದಶಕದಲ್ಲಿ ಹಳ್ಳಿಗಳಿಗೆ ಹಬ್ಬಿದ ಅಸ್ತ್ರ ಒಲೆಗೆ ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ. ಜಾಲರಿಯನ್ನು ಬೂದಿ ಮುಚ್ಚಿತೆಂದರೆ ಅದೂ ಹಳೆಯ ಒಲೆಯಂತೆಯೇ ಕಣ್ಣುರಿಸೀತು.

ಆದರೆ ಹೊಗೆಗಿಂತಲೂ ನಾವು ಅಂಜಬೇಕಾದುದು ಹೊಗೆಯಿಲ್ಲದ ಕೆಂಡಕ್ಕೆ. ಹೊಗೆ ಕೆಮ್ಮಿಸಿ ಎಚ್ಚರಿಸುತ್ತದೆ, ಕೆಂಡ ಎಚ್ಚರಿಸದು. ಬಾಣಂತಿಗೆ ಬೆಚ್ಚಗಿರಲೆಂದು ಕಿಟಕಿ ಮುಚ್ಚಿ, ಮಂಚದ ಬಳಿ ಅಗ್ಗಿಷ್ಟಿಕೆಯಿಡುವ ಪದ್ಧತಿಯನ್ನು ನಾವೆಲ್ಲ ಬಲ್ಲೆವು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೆತ್ತರಿನಲ್ಲಿ ಆಮ್ಲಜನಕದ ಎಡೆಯನ್ನು ಆಕ್ರಮಿಸುತ್ತದೆ. ಮಲಗಿದವರು ಮಲಗಿದಂತೆಯೇ ಉಳಿಯುವರು. ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರಲೇಬಾರದು. ಬಾಣಂತಿಗೂ ಮಗುವಿಗೂ ಕಂಬಳಿ ಸಾಕು. ಒಲೆಯಿರುವ ಮನೆಯಲ್ಲಿ ಯಾರಿಗಾದರೂ ತಲೆನೋವು, ಓಕರಿಕೆ, ಮಂಪರು ಕಂಡರೆ, ಕಾರಣವನ್ನು ಚರ್ಚಿಸುತ್ತ ಕೂರದೆ, ಮೊದಲು ಅವರನ್ನು ಹೊರಗಿನ ಗಾಳಿಗೆ ಒಯ್ದು, ಒಡನೆಯೇ ವೈದ್ಯರನ್ನು ಕರೆಸಬೇಕು.