ಫೋನಿನ ಜಾಗ: ಅಳಿಸತಕ್ಕದ್ದು, ಉಳಿಸತಕ್ಕದ್ದು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಬೀದರ, ಕಲಬುರಗಿ, ರಾಯಚೂರುಗಳಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದ ನಮಗೆ ಊರೆಂಬುದು ಇಂದು ಫೋನಿನೊಳಗಿದೆ. ಅದರಲ್ಲಿ ಜಾಗ ತುಂಬಿತೆಂದು ನಮ್ಮಲ್ಲೊಬ್ಬರು ಅವಸರದಿಂದ ಅಳಿಸುತ್ತ ಹೋಗಿ, ತೀರಿಹೋದ ತಾಯಿಯವರು ಕಳಿಸಿದ್ದ ಮಾತನ್ನೇ ಕಳೆದುಕೊಂಡರು. ಅಂಥ ನಷ್ಟ ಮತ್ತೊಬ್ಬರಿಗೆ ಆಗಬಾರದೆಂದು ಈ ನಾಲ್ಕು ಮಾತು.

ಮೊದಲು ಉಳಿಸತಕ್ಕದ್ದನ್ನು ಆರಿಸೋಣ. ಹೆತ್ತವರ ದನಿ, ಮಕ್ಕಳ ಚಿತ್ರ, ಹೊಲದ ಪಹಣಿ, ಇವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳೋಣ.

ಬಳಿಕ ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ 5 ಎಂಬಿಗೆ ಮೀರಿದ ವೀಡಿಯೋಗಳು ಒಂದೆಡೆ ಕಾಣುತ್ತವೆ. ಬೇಡವಾದವನ್ನು ಅಲ್ಲಿಂದಲೇ ಅಳಿಸಬಹುದು. ‘ಆಟೋ ಡೌನ್‌ಲೋಡ್’ ನಿಲ್ಲಿಸಿದರೆ ಶುಭೋದಯದ ಚಿತ್ರಗಳು ಮತ್ತೆ ಬಂದು ತುಂಬವು.

ಗೂಗಲ್ ಫೋಟೋಸ್ ವಿಷಯದಲ್ಲಿ ಎಚ್ಚರ ಬೇಕು. ಬ್ಯಾಕಪ್ ಆದ ಚಿತ್ರವನ್ನು ಅಲ್ಲಿ ‘ಡಿಲೀಟ್’ ಮಾಡಿದರೆ ಎರಡೂ ಕಡೆಯಿಂದ ಹೋಗುತ್ತದೆ. ‘ಟ್ರ್ಯಾಶ್’ನಲ್ಲಿ 60 ದಿನ ಮಾತ್ರ ಇರುತ್ತದೆ. ಫೋನಿನಿಂದಷ್ಟೇ ತೆಗೆಯಲು ‘ಫ್ರೀ ಅಪ್ ಸ್ಪೇಸ್’ ಒತ್ತಬೇಕು. 2021ರ ಜೂನ್ 1ರಿಂದ ಏರಿಸಿದ ಚಿತ್ರಗಳೆಲ್ಲ ನಮ್ಮ ಖಾತೆಯ ಜಾಗದ ಲೆಕ್ಕಕ್ಕೆ ಸೇರುತ್ತವೆಂಬುದೂ ನೆನಪಿರಲಿ.

ಮನೆ ಗುಡಿಸಿದ ಮೇಲೆ ಓಲೆ, ಮೂಗುತಿ ಬಿದ್ದಿದೆಯೇ ಎಂದು ಕಸ ಕೆದಕಿ ನೋಡಿಯೇ ಚೆಲ್ಲುವುದು ನಮ್ಮ ಹಿರಿಯರ ವಾಡಿಕೆ. ಫೋನನ್ನೂ ಹಾಗೆಯೇ ಗುಡಿಸೋಣ.