ಮೊದಲ ಪ್ರೀತಿ

(ಶತಮಾನೋತ್ಸವದ ಕೃತಜ್ಞತಾ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನೂರು ವರುಷ ತುಂಬಿದ ಶಾಲೆಯಲ್ಲಿ ನಿಂತವರಿಗೆ ಎಣಿಕೆಯ ಆಸೆ ಹುಟ್ಟುವುದು ಸಹಜ. ಕಟ್ಟಿದ ಕೋಣೆಗಳೆಷ್ಟು, ಕಲಿತು ಹೋದವರೆಷ್ಟು, ಗಡಿಯ ಈಚೆಗೆ ಉಳಿದ ಕನ್ನಡವನ್ನು ಎಷ್ಟು ಕಾಪಾಡಿದೆವು ಎಂದು ನಾವೂ ಎಣಿಸಿದೆವು. ಎಣಿಸುವುದು ತಪ್ಪಲ್ಲ. ಆದರೆ ಕ್ರೈಸ್ತರಾದ ನಾವು ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ.

ಎಲ್ಲಕ್ಕಿಂತ ಮುಖ್ಯವಾದ ಆಜ್ಞೆ ಯಾವುದೆಂದು ಶಾಸ್ತ್ರಿಯೊಬ್ಬನು ಯೇಸುಸ್ವಾಮಿಯನ್ನು ಕೇಳಿದ ಸಂಗತಿ ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿದೆ. ಸ್ವಾಮಿಯು ಹೊಸ ಆಜ್ಞೆಯನ್ನು ವಿಧಿಸಲಿಲ್ಲ. ದೇವರನ್ನು ಪೂರ್ಣಹೃದಯದಿಂದ ಪ್ರೀತಿಸಬೇಕೆಂಬ ಬೋಧನೆಯನ್ನು ಧರ್ಮೋಪದೇಶಕಾಂಡದಿಂದಲೂ, ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬುದನ್ನು ಯಾಜಕಕಾಂಡದಿಂದಲೂ ಎತ್ತಿಕೊಂಡು, ಒಂದನ್ನು ಮೊದಲನೆಯದೆಂದೂ ಮತ್ತೊಂದನ್ನು ಎರಡನೆಯದೆಂದೂ ಇರಿಸಿದನು. ಎರಡನೆಯದು ಕೀಳೆಂದು ಇದರ ಅರ್ಥವಲ್ಲ. ಅದರ ಬೇರು ಮೊದಲನೆಯದರಲ್ಲಿದೆ.

ಬೇರು ಒಣಗಿದರೂ ಕೆಲವು ಕಾಲ ಎಲೆ ಹಸಿರಾಗಿಯೇ ಕಾಣುತ್ತದೆ. ಪ್ರಕಟನೆ ಗ್ರಂಥದ 2ನೆಯ ಅಧ್ಯಾಯದಲ್ಲಿ ಬರುವ ಎಫೆಸದ ಸಭೆಯ ಸ್ಥಿತಿ ಇದೇ. ಅದರ ದುಡಿಮೆಗೂ ತಾಳ್ಮೆಗೂ ಮೆಚ್ಚುಗೆ ದೊರೆಯಿತು. ಮೊದಲಿನ ಪ್ರೀತಿಯನ್ನು ಬಿಟ್ಟುಬಿಟ್ಟಿತೆಂಬ ಆಕ್ಷೇಪಣೆಯೂ ಬಂದಿತು. ಆ ಮಾತನ್ನು ಓದುವಾಗ ನಮ್ಮ ಮುಖವೇ ನಮಗೆ ಕಾಣುತ್ತದೆ. ಸಭೆಗಳನ್ನು ನಾವು ಪ್ರಾರ್ಥನೆಯಿಂದ ಆರಂಭಿಸಿದ್ದೇವೆ. ಆದರೆ ಮೊದಲ ವಿಷಯ ಚರ್ಚೆಗೆ ಬರುವಷ್ಟರಲ್ಲಿ ಅದನ್ನು ಮರೆತಿದ್ದೇವೆ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರುವರೋ ಎಂಬ ಚಿಂತೆ ನಮ್ಮ ನಿದ್ದೆ ಕೆಡಿಸಿದೆ. ನಮ್ಮ ದೇವಪ್ರೀತಿ ಬತ್ತಿತೇನೋ ಎಂಬ ಚಿಂತೆ ಕೆಡಿಸಿಲ್ಲ. ದೇವರಿಗಾಗಿ ನಡೆಸುತ್ತೇವೆಂದ ಶಾಲೆಯನ್ನೇ ಅರಿವಿಲ್ಲದೆ ದೇವರ ಸ್ಥಾನದಲ್ಲಿ ಇರಿಸಿದೆವೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಹೀಗೆ ಎಡವಿದವರಿಗೂ ದಾರಿಯುಂಟು. ತನ್ನನ್ನು ಮೂರು ಬಾರಿ ಅಲ್ಲಗಳೆದಿದ್ದ ಪೇತ್ರನನ್ನು ಪುನರುತ್ಥಾನಗೊಂಡ ಯೇಸು ತಿಬೇರಿಯ ಸಮುದ್ರದ ದಡದಲ್ಲಿ ಮೂರು ಬಾರಿ ಪ್ರಶ್ನಿಸಿದನು. ಕುರಿಗಳನ್ನು ಮೇಯಿಸುವ ಸಾಮರ್ಥ್ಯವಿದೆಯೇ ಎಂದು ಕೇಳಲಿಲ್ಲ. ಕುರಿಮರಿಗಳ ಮೇಲೆ ಮಮತೆಯಿದೆಯೇ ಎಂದೂ ಕೇಳಲಿಲ್ಲ. ತನ್ನ ಮೇಲೆ ಪ್ರೀತಿಯಿದೆಯೇ ಎಂದು ಮಾತ್ರ ಕೇಳಿ, ಆ ಬಳಿಕ ಮಂದೆಯನ್ನು ಒಪ್ಪಿಸಿದನು.

ಅಧ್ಯಾಪಕರಾದವರಿಗೆ ಈ ಕ್ರಮದ ಮರ್ಮ ತಿಳಿದೀತು. ಚುರುಕಾದ ಮಗುವನ್ನು ಪ್ರೀತಿಸುವುದು ಸುಲಭ. ಫಲಿತಾಂಶವೇ ಮೊದಲಾದರೆ ನಿಧಾನವಾಗಿ ಕಲಿಯುವ ಮಗು ಹೊರೆಯಾಗುತ್ತದೆ. ಶಾಲೆಯ ಹೆಸರೇ ಮೊದಲಾದರೆ ತಪ್ಪನ್ನು ಮುಚ್ಚಿಡುವ ಮನಸ್ಸಾಗುತ್ತದೆ. ದೇವಪ್ರೀತಿ ಮೊದಲಾದರೆ, ಈ ಮಗುವೂ ಆತನೇ ಒಪ್ಪಿಸಿದ ಮಗುವೆಂಬ ನೆನಪು ದಣಿದ ದಿನದಲ್ಲಿಯೂ ಉಳಿಯುತ್ತದೆ.

ಮೊದಲ ಪ್ರೀತಿ ಎರಡನೆಯದನ್ನು ಕುಗ್ಗಿಸುವುದಿಲ್ಲ ಎಂಬುದಕ್ಕೆ ಕನ್ನಡದಲ್ಲಿಯೇ ಸಾಕ್ಷಿಯಿದೆ. ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಈ ಕಡೆಗೆ ಬಂದದ್ದು ದೇವರ ಸೇವೆಗೆಂದು. ಆ ಸೇವೆ ಅವರನ್ನು ನಮ್ಮ ನುಡಿಯಿಂದ ದೂರಮಾಡಲಿಲ್ಲ. ದಶಕಗಳ ದುಡಿಮೆಯ ಬಳಿಕ 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕಾಗಿ ಎಲ್ಲ ಮತದ ಕನ್ನಡಿಗರೂ ಅವರನ್ನು ಸ್ಮರಿಸುತ್ತಾರೆ.

ಈ ಶಾಲೆಯಲ್ಲಿಯೂ ನಾನಾ ಮನೆಗಳ, ನಾನಾ ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿದ್ದಾರೆ. ದೇವಪ್ರೀತಿಯನ್ನು ಯಾರ ಮೇಲೂ ಹೇರಲಾಗದು. ಪ್ರೀತಿಯು ಬಲಾತ್ಕಾರವನ್ನು ಅರಿಯದು. ನಾವು ಹೇಳಿದ್ದೆಲ್ಲವೂ ಮೊದಲು ನಮಗೇ ಅನ್ವಯಿಸುವ ಮಾತು.

ಉತ್ಸವದ ಚಪ್ಪರ ನಾಳೆ ಬಿಚ್ಚಲ್ಪಡುತ್ತದೆ. ಮರುದಿನ ಎಂದಿನಂತೆ ಗಂಟೆ ಬಾರಿಸುತ್ತದೆ. ತರಗತಿಯ ಬಾಗಿಲನ್ನು ದಾಟುವ ಮುನ್ನ, ಕಚೇರಿಯ ಕಡತವನ್ನು ತೆರೆಯುವ ಮುನ್ನ, ಪೇತ್ರನಿಗೆ ಕೇಳಿದ ಪ್ರಶ್ನೆಗೆ ನಾವೂ ಒಂದು ಗಳಿಗೆ ಮೌನವಾಗಿ ಕಿವಿಗೊಡೋಣ. ಉತ್ತರಿಸುವಾಗ ಪೇತ್ರನಂತೆ ಮನಸ್ಸು ನೊಂದರೂ ನೋಯಲಿ. ಅನಂತರ ಒಳಗೆ ಹೋಗಿ ಹಾಜರಿ ಕರೆಯೋಣ.