ಫಿಟ್ಸ್ ನಿಂತ ಮೇಲಿನ ಮೂರು ನಿಮಿಷ



ಇವತ್ತಿನ ವಿಷಯ ಫಿಟ್ಸ್. ಮೂರ್ಛೆ ರೋಗ, ಅಪಸ್ಮಾರ ಅಂತಾನೂ ಕರೀತೀವಿ. ರಾತ್ರಿ ಪಿಜಿಯಲ್ಲಿ ನಿಮ್ಮ ರೂಮ್‌ಮೇಟ್‌ಗೆ ಫಿಟ್ಸ್ ಬಂತು ಅಂದುಕೊಳ್ಳಿ. ಮೈಯೆಲ್ಲಾ ಸೆಟೆದುಕೊಂಡು, ಕೈಕಾಲು ಒಂದೆರಡು ನಿಮಿಷ ಅದುರಿ ನಿಂತುಹೋಯ್ತು. 'ಅಬ್ಬಾ, ಮುಗೀತು, ಮಲಗಲಿ ಬಿಡು' ಅಂತ ಲೈಟ್ ಆರಿಸೋರೇ ಹೆಚ್ಚು. ಆದರೆ ಕಣ್ಣಿಟ್ಟು ನೋಡಬೇಕಾದ ಹೊತ್ತು ಶುರುವಾಗೋದೇ ಆಗ.

ಯಾಕೆ? ಆಕ್ಸಿಜನ್. ಕೋವಿಡ್ ಟೈಮಲ್ಲಿ ಬೆರಳಿಗೆ ಸಿಕ್ಕಿಸ್ತಿದ್ದ ಪಲ್ಸ್ ಆಕ್ಸಿಮೀಟರ್ ನೆನಪಿದೆಯಲ್ಲ? ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 95ರಿಂದ 100 ತೋರಿಸುತ್ತೆ. ದೊಡ್ಡ ಫಿಟ್ಸ್ ಬಂದಾಗ ಎದೆಯ ಸ್ನಾಯುಗಳೂ ಬಿಗಿಯಾಗ್ತವೆ, ಉಸಿರಾಟ ಸರಿಯಾಗಿ ನಡೆಯಲ್ಲ. ಅದೇ ಹೊತ್ತಿಗೆ ಅದುರುತ್ತಿರುವ ಮೈ ಇರೋ ಆಕ್ಸಿಜನ್ನೂ ಬೇಗ ಖರ್ಚು ಮಾಡುತ್ತೆ. ತುಟಿ, ಉಗುರು ನೀಲಿಯಾಗೋದು ಅದಕ್ಕೇ. 2008ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ದಾಖಲಾದ ಸುಮಾರು 300 ಫಿಟ್ಸ್‌ಗಳ ಪೈಕಿ ಮೂರರಲ್ಲಿ ಒಂದರಲ್ಲಿ ಈ ಅಂಕಿ 90ಕ್ಕಿಂತ ಕೆಳಗಿಳಿದಿತ್ತು.

ಹೆಚ್ಚಿನವರಲ್ಲಿ ಇದು ಕೆಲವೇ ನಿಮಿಷದಲ್ಲಿ ತಾನಾಗೇ ಸರಿಹೋಗುತ್ತೆ. ಗಾಬರಿ ಬೇಡ. ಆದರೆ ಕೆಲವೊಮ್ಮೆ ಫಿಟ್ಸ್ ನಿಂತ ಮೇಲೆ ಉಸಿರಾಟ ನಡೆಸೋ ಮಿದುಳಿನ ಭಾಗವೇ ಮಂಕಾಗುತ್ತೆ. ಮುಖ ದಿಂಬಿನೊಳಗೆ ಹುದುಗಿದ್ರೆ, ಬಾಯಲ್ಲಿ ಜೊಲ್ಲು ತುಂಬಿದ್ರೆ ಇನ್ನೂ ಕಷ್ಟ. ಅಪಸ್ಮಾರ ಇರೋ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಷ್ಟು ಜನ ಹೀಗೆ ಹಠಾತ್ತಾಗಿ ತೀರಿಕೊಳ್ತಾರೆ. ವೈದ್ಯರು ಇದನ್ನ 'ಸುಡೆಪ್' ಅಂತಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಲವು ದೇಶಗಳ ಆಸ್ಪತ್ರೆಗಳಿಂದ ಇಂಥ 16 ಸಾವುಗಳ ವಿವರ ಕಲೆಹಾಕಿದ್ರು. ಅದರಲ್ಲಿ 14 ರಾತ್ರಿ ಹೊತ್ತಿನವು. ಪೂರ್ತಿ ದಾಖಲೆ ಸಿಕ್ಕ ಪ್ರಕರಣಗಳಲ್ಲಿ, ಫಿಟ್ಸ್ ನಿಂತ 3 ನಿಮಿಷದೊಳಗೇ ಉಸಿರು, ಹೃದಯ ಎರಡೂ ಕೈಕೊಟ್ಟಿದ್ದವು.

ಹಾಗಾದ್ರೆ ಪಕ್ಕದಲ್ಲಿರೋ ನಾವು ಏನು ಮಾಡಬೇಕು?

ಫಿಟ್ಸ್ ಶುರುವಾದ ತಕ್ಷಣ ಫೋನ್‌ನಲ್ಲಿ ಟೈಮ್ ನೋಡಿ. ವಿಡಿಯೋ ಆಮೇಲೆ. ಅದುರೋ ಕೈಕಾಲನ್ನ ಒತ್ತಿ ಹಿಡೀಬೇಡಿ. ಬಾಯಿಗೆ ಚಮಚ, ನೀರು, ಬೆರಳು ಯಾವುದನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಹಿಡಿಸೋದು, ಈರುಳ್ಳಿ, ಚಪ್ಪಲಿ ಮೂಸಿಸೋದು ಇವುಗಳಿಂದ ಒಂದು ಚೂರೂ ಆಕ್ಸಿಜನ್ ಸಿಗಲ್ಲ, ಟೈಮ್ ಹಾಳಾಗುತ್ತೆ ಅಷ್ಟೇ.

ಅದುರುವುದು ನಿಂತ ತಕ್ಷಣ ಒಂದು ಮಗ್ಗುಲಿಗೆ ಹೊರಳಿಸಿ. ಜೊಲ್ಲು ಹೊರಗೆ ಹರಿಯಲಿ. ದಿಂಬು ಮುಖಕ್ಕೆ ತಾಗದಂತೆ ಸರಿಸಿ. ಕತ್ತಿನ ಹತ್ತಿರ ಬಟ್ಟೆ ಸಡಿಲ ಮಾಡಿ. ಆಮೇಲೆ ಎದೆ ಏರಿಳಿಯುತ್ತಿದೆಯಾ ನೋಡ್ತಾ ಇರಿ. ಪೂರ್ತಿ ಎಚ್ಚರ ಆಗೋವರೆಗೂ ಪಕ್ಕದಲ್ಲೇ ಕೂತಿರಿ. ಆಕ್ಸಿಮೀಟರ್ ಹುಡುಕ್ತಾ ಓಡಾಡಬೇಡಿ. ಬೆರಳು ಅದುರುವಾಗ ಅದರ ಅಂಕಿ ನಂಬೋ ಹಾಗೂ ಇಲ್ಲ.

ಫಿಟ್ಸ್ 5 ನಿಮಿಷ ದಾಟಿದ್ರೆ, ಎಚ್ಚರ ಆಗದೇ ಮತ್ತೆ ಬಂದ್ರೆ, ಜೀವನದಲ್ಲಿ ಮೊದಲ ಸಲ ಬಂದಿದ್ರೆ, ಗರ್ಭಿಣಿ ಆಗಿದ್ರೆ 108ಕ್ಕೆ ಫೋನ್ ಮಾಡಿ. ಅದುರು ನಿಂತ ಮೇಲೂ ಉಸಿರು ಬರ್ತಿಲ್ಲ ಅಂದ್ರೆ ಒಂದು ಕ್ಷಣವೂ ಕಾಯಬೇಡಿ: 108ಕ್ಕೆ ಹೇಳಿ, ಅಂಗಾತ ಮಲಗಿಸಿ, ಎದೆ ಒತ್ತೋಕೆ ಶುರು ಮಾಡಿ.

ಇನ್ನು, ಫಿಟ್ಸ್ ಇರೋ ಗೆಳೆಯರಿಗೆ ಒಂದು ಮಾತು. ಮಾತ್ರೆ ತಪ್ಪಿಸಬೇಡಿ. 'ಆರು ತಿಂಗಳಿಂದ ಬಂದಿಲ್ಲ, ಸಾಕು' ಅಂತ ನೀವಾಗೇ ನಿಲ್ಲಿಸಬೇಡಿ. ಹತೋಟಿಗೆ ಬರದ ದೊಡ್ಡ ಫಿಟ್ಸೇ ಈ ಅಪಾಯಕ್ಕೆ ಮುಖ್ಯ ಕಾರಣ. ಮತ್ತೆ, ರೂಮ್‌ಮೇಟ್‌ಗೆ ವಿಷಯ ಹೇಳಿಟ್ಟಿರಿ. ನಾಚಿಕೆಪಡೋ ಕಾಯಿಲೆ ಅಲ್ಲ ಇದು. ಗೊತ್ತಿದ್ದವರು ಮಾತ್ರ ಆ ಮೂರು ನಿಮಿಷ ನಿಮ್ಮ ಪಕ್ಕ ಎಚ್ಚರವಾಗಿ ಕೂರಬಲ್ಲರು.

ಈ ಎಪಿಸೋಡನ್ನ ನಿಮ್ಮ ಹಾಸ್ಟೆಲ್ ಗ್ರೂಪ್‌ಗೆ ಒಂದ್ಸಲ ಕಳಿಸಿ.